ಅಜ್ಜಿ ಆ ಗುಂಡಿ ಯಾಕೆ ಒತ್ತಲಿಲ್ಲ?

ಕುತ್ತಿಗೆಗೊಂದು ದಾರ, ದಾರಕ್ಕೊಂದು ಪೆಂಡೆಂಟ್, ಅದರ ನಡುವೆ ಒಂದು ಗುಂಡಿ. ಮನೆಯಲ್ಲಿ ಒಬ್ಬರೇ ಇದ್ದಾಗ ಬಿದ್ದರೆ ಆ ಗುಂಡಿ ಒತ್ತಬೇಕು. ಆ ಕಡೆ ಯಾರೋ ಮಾತಾಡುತ್ತಾರೆ, ಸಹಾಯ ಕಳಿಸುತ್ತಾರೆ. ವಯಸ್ಸಾದವರಿಗೆ ಅಂತಲೇ ಮಾಡಿದ ಸಾಧನಗಳಲ್ಲಿ ಇದಕ್ಕಿಂತ ಸರಳವಾದದ್ದು ಹುಡುಕಿದರೂ ಸಿಗಲಿಕ್ಕಿಲ್ಲ. 1970ರ ದಶಕದಲ್ಲೇ ಜರ್ಮನಿ, ಅಮೆರಿಕಗಳಲ್ಲಿ ಇದು ಬಳಕೆಗೆ ಬಂದಿತ್ತು.

ಕೇಂಬ್ರಿಜ್‌ನ ಸಂಶೋಧಕರು 90 ದಾಟಿದ 110 ಜನರನ್ನು ಒಂದು ವರ್ಷ ಗಮನಿಸಿದರು. ಅವರು ಕಂಡದ್ದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ಆ ಒಂದು ವರ್ಷದಲ್ಲಿ 66 ಜನ ಬಿದ್ದಿದ್ದರು. ಬಿದ್ದವರಲ್ಲಿ ಶೇ. 80ರಷ್ಟು ಜನರಿಗೆ ಒಮ್ಮೆಯಾದರೂ ತಾವಾಗಿ ಏಳಲು ಆಗಿರಲಿಲ್ಲ. ಶೇ. 30ರಷ್ಟು ಜನ ಒಂದು ಗಂಟೆ ಅಥವಾ ಅದಕ್ಕೂ ಜಾಸ್ತಿ ಹೊತ್ತು ನೆಲದ ಮೇಲೇ ಬಿದ್ದಿದ್ದರು. ಸಹಾಯ ಕರೆಯುವ ಅಲಾರಂ ಬಹಳ ಮಂದಿಯ ಬಳಿ ಇತ್ತು. ಆದರೂ, ಹೀಗೆ ತುಂಬಾ ಹೊತ್ತು ಬಿದ್ದಿದ್ದ ಹೆಚ್ಚಿನ ಸಂದರ್ಭಗಳಲ್ಲಿ ಅದನ್ನು ಬಳಸಿರಲಿಲ್ಲ.

ಯಂತ್ರ ಕೆಟ್ಟಿತ್ತು ಅಂತ ಅಲ್ಲ. ಕೆಲವರಿಗೆ ಅದರಿಂದ ತಮಗೇನು ಪ್ರಯೋಜನ ಅನ್ನುವುದೇ ಕಂಡಿರಲಿಲ್ಲ. ಕೆಲವರು ಮನೆಗೆ ಹಾಕಿಸಿಕೊಂಡಿದ್ದರೂ ಪೆಂಡೆಂಟನ್ನು ಕುತ್ತಿಗೆಗೆ ಹಾಕಿಕೊಳ್ಳುವ ಅಭ್ಯಾಸ ಮಾಡಿಕೊಂಡಿರಲಿಲ್ಲ. ಒತ್ತಲು ಹೋಗಿ ಆಗದವರೂ ಇದ್ದರು. ಇನ್ನು ಕೆಲವರು ಬೇಕಂತಲೇ ಒತ್ತಲಿಲ್ಲ.

ಈ ಕೊನೆಯವರ ಬಗ್ಗೆ ಸ್ವಲ್ಪ ಯೋಚಿಸಿ. ನೆಲದ ಮೇಲೆ ಬಿದ್ದಿದ್ದಾರೆ, ಏಳಲು ಆಗುತ್ತಿಲ್ಲ, ಗುಂಡಿ ಎದೆಯ ಮೇಲೇ ಇದೆ. ಒತ್ತುವುದಿಲ್ಲ. ನನ್ನ ಊಹೆ ಇಷ್ಟು: ಒತ್ತಿದರೆ ಆಂಬುಲೆನ್ಸ್ ಬರುತ್ತದೆ, ಮಕ್ಕಳಿಗೆ ಫೋನ್ ಹೋಗುತ್ತದೆ, "ಇನ್ನು ನೀನೊಬ್ಬಳೇ ಇರೋದು ಬೇಡಮ್ಮ" ಅನ್ನುವ ಮಾತು ಶುರುವಾಗುತ್ತದೆ. ಗುಂಡಿ ಮಾಡಿದ ಎಂಜಿನಿಯರ್‌ಗೆ ಅದು ಸಹಾಯದ ಬಾಗಿಲು. ಅಜ್ಜಿಗೆ ಅದು ತನ್ನ ಮನೆಯಿಂದ ಹೊರಗೆ ಹೋಗುವ ಬಾಗಿಲು.

ವಯಸ್ಸಾಗುತ್ತಿರುವ ಸಮಾಜಕ್ಕೆ ಹೊಸ ಸಾಧನ, ಹೊಸ ಸೇವೆ, ಹೊಸ ಉದ್ಯಮ ಬೇಕು ಅಂತ ಈಗ ಎಲ್ಲ ಕಡೆ ಮಾತು. ಸರ್ಕಾರಗಳು ಇದಕ್ಕೆ 'ಬೆಳ್ಳಿ ಆರ್ಥಿಕತೆ' ಅಂತ ಹೆಸರನ್ನೂ ಇಟ್ಟಿವೆ. 2024ರಲ್ಲಿ ಚೀನಾದ ಸ್ಟೇಟ್ ಕೌನ್ಸಿಲ್, ಅಂದರೆ ಅಲ್ಲಿನ ಸಚಿವ ಸಂಪುಟದ ಕಚೇರಿ, ಹೊರಡಿಸಿದ ವರ್ಷದ ಮೊದಲ ದಾಖಲೆಯೇ ಈ ವಿಷಯದ ಮೇಲಿತ್ತು. ಆದರೆ ಈ ಕ್ಷೇತ್ರದಲ್ಲಿ ಮುಗ್ಗರಿಸಿದ ಕಂಪನಿಗಳ ಪಟ್ಟಿ ಉದ್ದ. ಅವುಗಳಲ್ಲಿ ಬಹಳಷ್ಟು ಕಂಪನಿಗಳು ಎಡವಿದ್ದು ತಂತ್ರಜ್ಞಾನದಲ್ಲಲ್ಲ, ಗಿರಾಕಿ ಯಾರು ಅನ್ನುವ ಲೆಕ್ಕದಲ್ಲಿ. ಕೊಳ್ಳುವವರು ಮಗ ಅಥವಾ ಮಗಳು. ಬಳಸುವವರು ಅಪ್ಪ ಅಮ್ಮ. ದುಡ್ಡು ಕೊಡುವುದು ಎಷ್ಟೋ ಸಲ ವಿಮೆ ಅಥವಾ ಸರ್ಕಾರ. ಮೂವರಿಗೂ ಬೇಕಾದ್ದು ಬೇರೆ ಬೇರೆ. ಮಗನಿಗೆ ಬೇಕಿರುವುದು ರಾತ್ರಿ ನಿದ್ದೆ. ಅಮ್ಮನಿಗೆ ಬೇಕಿರುವುದು ತನ್ನ ದಿನ ತನ್ನ ಕೈಯಲ್ಲಿರುವುದು. ಮಗನ ಆತಂಕಕ್ಕೆ ಔಷಧಿ ಮಾಡಿ ಅಮ್ಮನಿಗೆ ಕುಡಿಸಲು ಹೋದರೆ ಅವಳು ಬಾಯಿ ತೆರೆಯುವುದಿಲ್ಲ, ಅಲ್ವಾ?

ಎಷ್ಟು ಬೇಗ ವಯಸ್ಸಾಗುತ್ತಿದೆ

ಅಂಕಿಗಳನ್ನು ಬೇಗ ಮುಗಿಸಿಬಿಡೋಣ. 2018ರಲ್ಲಿ ಜಗತ್ತಿನಲ್ಲಿ 65 ದಾಟಿದವರ ಸಂಖ್ಯೆ 5 ವರ್ಷದೊಳಗಿನ ಮಕ್ಕಳ ಸಂಖ್ಯೆಯನ್ನು ಮೊದಲ ಸಲ ಮೀರಿತು. 2070ರ ದಶಕದ ಕೊನೆಗೆ ಅದು 18ರೊಳಗಿನವರ ಸಂಖ್ಯೆಯನ್ನೂ ಮೀರಿ 220 ಕೋಟಿ ಮುಟ್ಟಬಹುದು ಎಂದು ವಿಶ್ವಸಂಸ್ಥೆಯ 2024ರ ಅಂದಾಜು. ಭಾರತದಲ್ಲಿ 60 ದಾಟಿದವರು 2050ರ ಹೊತ್ತಿಗೆ 34 ಕೋಟಿ ಮೀರುತ್ತಾರೆ ಎಂದು ಅದರ ಜನಸಂಖ್ಯಾ ನಿಧಿ ಲೆಕ್ಕ ಹಾಕಿದೆ.

ಸಂಖ್ಯೆಗಿಂತ ವೇಗ ಮುಖ್ಯ. ಫ್ರಾನ್ಸ್‌ನಲ್ಲಿ 65 ದಾಟಿದವರ ಪಾಲು ಶೇ. 7ರಿಂದ ಶೇ. 14 ಆಗಲು 115 ವರ್ಷ ಹಿಡಿಯಿತು. ಜಪಾನಿಗೆ ಸಾಕಾದದ್ದು 24 ವರ್ಷ. ದಕ್ಷಿಣ ಕೊರಿಯಾಗೆ 18. ಅದೇ ಕೊರಿಯಾ 2024ರ ಡಿಸೆಂಬರ್‌ನಲ್ಲಿ ಶೇ. 20ನ್ನೂ ದಾಟಿತು. ಫ್ರಾನ್ಸ್‌ಗೆ ಪಿಂಚಣಿ, ಆಸ್ಪತ್ರೆ, ಮನೆ, ರಸ್ತೆ ಎಲ್ಲವನ್ನೂ ನಿಧಾನಕ್ಕೆ ಬದಲಿಸಿಕೊಳ್ಳಲು ನಾಲ್ಕೈದು ತಲೆಮಾರು ಸಿಕ್ಕಿದವು. ಈಗಿನ ದೇಶಗಳಿಗೆ ಒಂದು ತಲೆಮಾರೂ ಪೂರ್ತಿ ಸಿಗುತ್ತಿಲ್ಲ. ಹೊಸ ದಾರಿ ಹುಡುಕುವ ಒತ್ತಡ ಬಂದಿರುವುದು ಈ ಅವಸರದಿಂದ.

ಮುಪ್ಪನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ

1955ರಲ್ಲಿ ಅಮೆರಿಕದ ಹೈನ್ಜ್ ಕಂಪನಿ ಒಂದು ವಿಷಯ ಗಮನಿಸಿತು. ಹಲ್ಲಿಲ್ಲದ ವಯಸ್ಸಾದವರು ಅಂಗಡಿಯಿಂದ ಮಕ್ಕಳ ಡಬ್ಬಿ ಆಹಾರ ಒಯ್ಯುತ್ತಿದ್ದರು. ಸರಿ, ಇವರಿಗೆ ಅಂತಲೇ ಮಾಡಿದರೆ? ವರ್ಷಗಟ್ಟಲೆ ಸಂಶೋಧನೆ ನಡೆಸಿ 'ಸೀನಿಯರ್ ಫುಡ್ಸ್' ಅಂತ ಮೆತ್ತನೆಯ ಡಬ್ಬಿ ಆಹಾರ ತಂದರು. ನೆಲಕಚ್ಚಿತು. ಮಕ್ಕಳ ಡಬ್ಬಿ ಕೊಂಡರೆ ಕ್ಯಾಶಿಯರ್ ಎದುರು "ಮೊಮ್ಮಗುವಿಗೆ" ಅನ್ನಬಹುದು. ಸೀನಿಯರ್ ಡಬ್ಬಿ ಇಟ್ಟರೆ ಏನು ಹೇಳುವುದು? ನನಗೆ ಹಲ್ಲಿಲ್ಲ ಅಂತ ತಾನೇ ಸಾರಿದ ಹಾಗೆ. ಅಮೆರಿಕದ ಎಂಐಟಿಯಲ್ಲಿ 1999ರಲ್ಲಿ ಮುಪ್ಪಿನ ಬಗ್ಗೆ ಅಧ್ಯಯನ ಮಾಡುವ ಏಜ್‌ಲ್ಯಾಬ್ ಶುರುಮಾಡಿದ ಜೋಸೆಫ್ ಕಾಫ್ಲಿನ್ ಈ ಕತೆಯನ್ನು ಮತ್ತೆ ಮತ್ತೆ ಹೇಳುತ್ತಾರೆ. ಹೇಳಲೇಬೇಕು, ಯಾಕೆಂದರೆ ಅದೇ ತಪ್ಪು ಇವತ್ತಿಗೂ ಆಗುತ್ತಿದೆ. ದೊಡ್ಡ ಗುಂಡಿಗಳ, ಬೂದು ಬಣ್ಣದ 'ಹಿರಿಯರ ಫೋನ್' ಉಡುಗೊರೆಯಾಗಿ ಬಂದು ಡ್ರಾಯರ್ ಸೇರುವುದು ಇದೇ ಕಾರಣಕ್ಕೆ.

ಇದಕ್ಕೆ ಎದುರಾಗಿ ಒಂದು ಸಿಪ್ಪೆ ಸುಲಿಯುವ ಪೀಲರ್‌ನ ಕತೆ ಇದೆ. ಸ್ಯಾಮ್ ಫಾರ್ಬರ್ ಅಡುಗೆಮನೆ ಸಾಮಾನಿನ ಉದ್ಯಮ ನಡೆಸಿ ನಿವೃತ್ತರಾಗಿದ್ದವರು. ಅವರ ಹೆಂಡತಿ ಬೆಟ್ಸಿಗೆ ಕೈಯಲ್ಲಿ ಸಂಧಿವಾತ. ತೆಳ್ಳನೆಯ ಕಬ್ಬಿಣದ ಹಿಡಿಯ ಪೀಲರ್ ಹಿಡಿದು ಸೇಬು ಸುಲಿಯುವಾಗ ಬೆರಳು ನೋಯುತ್ತಿತ್ತು. ಫಾರ್ಬರ್ ಮತ್ತೆ ಕೆಲಸಕ್ಕೆ ಇಳಿದರು. ದಪ್ಪನೆಯ, ಮೆತ್ತನೆಯ ರಬ್ಬರಿನಂಥ ಹಿಡಿ. ಒದ್ದೆ ಕೈಯಲ್ಲೂ ಜಾರದು. ಬೆರಳು ಕೂರುವಲ್ಲಿ ಸಣ್ಣ ಸಣ್ಣ ತೆಳ್ಳನೆಯ ಏಣುಗಳು, ಒತ್ತಿದರೆ ಬಾಗುತ್ತವೆ. 1990ರಲ್ಲಿ 'ಆಕ್ಸೋ ಗುಡ್ ಗ್ರಿಪ್ಸ್' ಹೆಸರಿನಲ್ಲಿ ಮಾರಾಟಕ್ಕೆ ಬಂತು. ಸಂಧಿವಾತದವರಿಗೆ ಅಂತ ಎಲ್ಲೂ ಬರೆಯಲಿಲ್ಲ. ಒಳ್ಳೆಯ ಪೀಲರ್ ಅಂತ ಮಾರಿದರು. ಹರೆಯದವರೂ ಕೊಂಡರು, ಕೈ ನೋವಿನವರೂ ಕೊಂಡರು. ಆಗ ಫಾರ್ಬರ್‌ಗೆ 60 ದಾಟಿ ಐದಾರು ವರ್ಷ ಆಗಿತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕನ್ನಡಕ ಮತ್ತು ಕಿವಿಯ ಯಂತ್ರವನ್ನು ಪಕ್ಕಪಕ್ಕ ಇಟ್ಟು ನೋಡಿದರೂ ಇದೇ ಕಾಣುತ್ತದೆ. ಎರಡೂ ಒಂದೇ ಬಗೆಯ ಸಹಾಯ. ಕನ್ನಡಕ ಚಂದದ ವಸ್ತುವಾಯಿತು, ಫ್ರೇಮ್ ಆರಿಸುವುದು ಖುಷಿಯ ಕೆಲಸವಾಯಿತು. ಕಿವಿಯ ಯಂತ್ರ ಮಾತ್ರ ಬಚ್ಚಿಡುವ ವಸ್ತುವಾಗಿಯೇ ಉಳಿಯಿತು. ಶ್ರವಣ ದೋಷಕ್ಕೆ ನೆರವು ಬೇಕಿರುವವರು ಜಗತ್ತಿನಲ್ಲಿ 43 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಕಿಕೊಳ್ಳುವವರು ಅದರಲ್ಲಿ ಒಂದು ಸಣ್ಣ ಪಾಲು. 2022ರ ಅಕ್ಟೋಬರ್‌ನಲ್ಲಿ ಅಮೆರಿಕ ಒಂದು ನಿಯಮ ಜಾರಿಗೆ ತಂದಿತು: ಕಡಿಮೆ ಅಥವಾ ಮಧ್ಯಮ ಪ್ರಮಾಣದ ದೋಷ ಇರುವ ವಯಸ್ಕರು ವೈದ್ಯರ ಚೀಟಿ ಇಲ್ಲದೆ ಅಂಗಡಿಯಲ್ಲೇ ಯಂತ್ರ ಕೊಳ್ಳಬಹುದು. ಎರಡೇ ವರ್ಷದಲ್ಲಿ, 2024ರ ಸೆಪ್ಟೆಂಬರ್‌ನಲ್ಲಿ, ಆಪಲ್‌ನ ಏರ್‌ಪಾಡ್ಸ್ ಪ್ರೊ 2ಕ್ಕೆ ಶ್ರವಣ ಸಾಧನವಾಗಿ ಕೆಲಸ ಮಾಡುವ ಸಾಫ್ಟ್‌ವೇರ್ ಸೇರಿಸಲು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಹದಿನೆಂಟರ ಹುಡುಗ ಹಾಡು ಕೇಳಲು ಹಾಕಿಕೊಳ್ಳುವುದೂ ಅದೇ, ಎಪ್ಪತ್ತರ ಅಜ್ಜ ಮಾತು ಕೇಳಲು ಹಾಕಿಕೊಳ್ಳುವುದೂ ಅದೇ. ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ತೀವ್ರ ದೋಷ ಇರುವವರಿಗೆ ಇದು ಸಾಲದು, ನಿಜ. ಆದರೆ ನಾಚಿಕೆ ಅನ್ನುವ ಅಡ್ಡಗೋಡೆ ಹೀಗೂ ಬೀಳಬಹುದು.

ಮುಚ್ಚಳದ ಕತೆ

1979ರಲ್ಲಿ ನ್ಯೂಯಾರ್ಕ್‌ನ ಹೆಸರಾಂತ ವಿನ್ಯಾಸಕಾರ ರೇಮಂಡ್ ಲೋವಿ ಅವರ ಕಚೇರಿಯಲ್ಲಿ ಪೆಟ್ರೀಷಿಯಾ ಮೂರ್ ಅನ್ನುವ 26ರ ಹುಡುಗಿ ಕೆಲಸ ಮಾಡುತ್ತಿದ್ದರು. ಒಂದು ಸಭೆಯಲ್ಲಿ, ಸಂಧಿವಾತ ಇರುವವರಿಗೂ ತೆರೆಯಲು ಸುಲಭವಾಗುವಂಥ ಫ್ರಿಜ್ ಬಾಗಿಲು ಮಾಡಬಹುದಲ್ಲ ಅಂತ ಕೇಳಿದರು. ಅಂಥವರಿಗೆ ನಾವು ಡಿಸೈನ್ ಮಾಡುವುದಿಲ್ಲ ಅನ್ನುವ ಉತ್ತರ ಬಂತು. ಮೂರ್ ಸುಮ್ಮನಾಗಲಿಲ್ಲ. ಮೇಕಪ್ ಕಲಾವಿದೆಯ ನೆರವಿನಿಂದ ಮುಖಕ್ಕೆ ಸುಕ್ಕು ಬರಿಸಿಕೊಂಡರು. ಕಣ್ಣು ಮಂಜಾಗುವ ಕನ್ನಡಕ, ಕಿವಿಗೆ ತುರುಕಿದ ಅಡಚಣೆ, ಮಂಡಿ ಮಡಚದಂತೆ ಕಟ್ಟಿದ ಪಟ್ಟಿ. 80 ದಾಟಿದ ಮುದುಕಿಯಾಗಿ ಮೂರು ವರ್ಷ ಆಗಾಗ ಅಮೆರಿಕ, ಕೆನಡಾದ ನೂರಕ್ಕೂ ಹೆಚ್ಚು ಊರು ಸುತ್ತಿದರು. ಒಮ್ಮೆ ಪುಂಡರು ಹೊಡೆದು ದೋಚಿದರು ಕೂಡ.

ಮೂರು ವರ್ಷ ಬೇಡ, ಹತ್ತು ನಿಮಿಷ ಸಾಕು. ಕನ್ನಡಕದ ಗಾಜಿಗೆ ವ್ಯಾಸಲಿನ್ ಸವರಿಕೊಳ್ಳಿ. ಕೈಗೆ ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಈಗ ಮಾತ್ರೆಯ ಹಾಳೆಯಿಂದ ಒಂದು ಮಾತ್ರೆ ತೆಗೆಯಿರಿ. ಆಮೇಲೆ ಫೋನ್‌ಗೆ ಬಂದ ಒಟಿಪಿಯನ್ನು ಸಮಯ ಮುಗಿಯುವ ಮೊದಲು ಟೈಪ್ ಮಾಡಿ. ನಾನು ಮಾಡಿ ನೋಡಿದೆ. ಮಾತ್ರೆ ನೆಲಕ್ಕೆ ಹಾರಿತು, ಒಟಿಪಿ ಎರಡು ಸಲ ಮುಗಿದುಹೋಯಿತು. ಮೂರನೇ ಸಲಕ್ಕೆ ಸಿಟ್ಟು ಬಂತು. ಸಿಟ್ಟು ಬಂದದ್ದು ಆ್ಯಪ್ ಮೇಲಲ್ಲ, ನನ್ನ ಮೇಲೇ. ಅದು ಕೆಟ್ಟ ಡಿಸೈನ್‌ನ ಗುಟ್ಟು. ತಪ್ಪು ಅದರದ್ದಾದರೂ ಅವಮಾನ ನಮಗೆ.

ಈಗ ಮುಚ್ಚಳಕ್ಕೆ ಬರೋಣ. ಮಕ್ಕಳು ಔಷಧಿ ತಿಂದು ಸಾಯುವುದನ್ನು ತಪ್ಪಿಸಲು ಅಮೆರಿಕ 1970ರಲ್ಲಿ ಕಾನೂನು ತಂದಿತು. ಒತ್ತಿ ತಿರುಗಿಸುವ ಮುಚ್ಚಳ ಬಂದದ್ದು ಹೀಗೆ. ಮಕ್ಕಳಿಂದ ತೆರೆಯಲು ಆಗಬಾರದು, ದೊಡ್ಡವರಿಂದ ಆಗಬೇಕು. ಪರೀಕ್ಷೆಗೆ ತೆಗೆದುಕೊಂಡ 'ದೊಡ್ಡವರು' ಯಾರು? 18ರಿಂದ 45 ವರ್ಷದವರು. ಔಷಧಿ ಡಬ್ಬಿ ಅತಿ ಹೆಚ್ಚು ತೆರೆಯುವವರು ಯಾರು ಅಂತ ಯಾರೂ ಕೇಳಲಿಲ್ಲ.

ಆದದ್ದೇನು? ಅಜ್ಜ ಅಜ್ಜಿಯರಿಗೆ ಮುಚ್ಚಳ ತೆರೆಯಲು ಆಗಲಿಲ್ಲ. ಒಮ್ಮೆ ಹೇಗೋ ತೆರೆದ ಮೇಲೆ ಮತ್ತೆ ಮುಚ್ಚುವ ಗೋಜಿಗೆ ಅನೇಕರು ಹೋಗಲಿಲ್ಲ. ಕೆಲವರು ಮಾತ್ರೆಗಳನ್ನು ಬೇರೆ ಡಬ್ಬಿಗೆ ಸುರಿದಿಟ್ಟರು. ಬಾಯಿ ತೆರೆದ ಡಬ್ಬಿ ಮೊಮ್ಮಕ್ಕಳ ಕೈಗೆ ಸಿಕ್ಕಿತು. ಮಕ್ಕಳನ್ನು ಕಾಯಲು ಬಂದ ಮುಚ್ಚಳ ಅಜ್ಜಿಯನ್ನು ಮರೆತದ್ದಕ್ಕೆ ಮಕ್ಕಳನ್ನೂ ಕಾಯದೆ ಹೋಯಿತು. ಕೊನೆಗೆ 1995ರಲ್ಲಿ ನಿಯಮ ಬದಲಾಯಿತು. ಇನ್ನು ಮುಂದೆ ಪರೀಕ್ಷೆಯಲ್ಲಿ ಮುಚ್ಚಳ ತೆರೆದು ಮುಚ್ಚಬೇಕಾದವರು 50ರಿಂದ 70 ವರ್ಷದವರು, ಅವರಲ್ಲಿ ನೂರಕ್ಕೆ 90 ಜನರಿಗೆ ಆಗಲೇಬೇಕು. ಅಲ್ಲಿಂದ ಮುಚ್ಚಳ ತಯಾರಿಸುವವರು ಹೊಸ ದಾರಿ ಹುಡುಕಬೇಕಾಯಿತು. ಬೆರಳ ಬಲಕ್ಕಿಂತ ಬುದ್ಧಿಯನ್ನು ಬೇಡುವ ಮುಚ್ಚಳಗಳು ಬಂದವು.

ಹೊಸತನ ಅಂದರೆ ಗ್ಯಾರೇಜಿನಲ್ಲಿ ಹುಡುಗರಿಗೆ ಹೊಳೆಯುವ ಐಡಿಯಾ ಅಂತ ನಾವು ಅಂದುಕೊಂಡಿದ್ದೇವೆ. ಈ ಕ್ಷೇತ್ರದಲ್ಲಿ ಎಷ್ಟೋ ಸಲ ಅದು ನಿಯಮದ ಪುಸ್ತಕದಲ್ಲಿ ಬದಲಾದ ಒಂದು ಸಾಲು.

ದುಡ್ಡು ಕೊಡುವ ಕೈ

ಜಪಾನ್ 2000ದ ಏಪ್ರಿಲ್‌ನಲ್ಲಿ ದೀರ್ಘಕಾಲದ ಆರೈಕೆಗೆ ಕಡ್ಡಾಯ ವಿಮೆ ತಂದಿತು. ಜರ್ಮನಿ ಅದಕ್ಕೂ ಮೊದಲು, 1995ರಲ್ಲೇ, ತಂದಿತ್ತು. ಕೊರಿಯಾ 2008ರಲ್ಲಿ. ಜಪಾನಿನಲ್ಲಿ 40 ದಾಟಿದ ಪ್ರತಿಯೊಬ್ಬರೂ ಕಂತು ಕಟ್ಟುತ್ತಾರೆ. ಎಷ್ಟು ಸಹಾಯ ಬೇಕು ಅನ್ನುವುದನ್ನು ಏಳು ಹಂತಗಳಲ್ಲಿ ಅಳೆಯುತ್ತಾರೆ. ಹೆಚ್ಚಿನವರು ತಮ್ಮ ಕೈಯಿಂದ ಕೊಡುವುದು ಖರ್ಚಿನ ಹತ್ತರಲ್ಲಿ ಒಂದು ಪಾಲು.

ಉದ್ಯಮಿಯ ಕಣ್ಣಿಗೆ ಇದರಲ್ಲಿ ಒಂದು ಸಣ್ಣ ವಿವರ ಬೀಳಬೇಕು. ಆ ವಿಮೆಯಲ್ಲಿ ಗಾಲಿಕುರ್ಚಿ, ಮೇಲೆ ಕೆಳಗೆ ಮಾಡುವ ಮಂಚ, ನಡೆಯಲು ಆಸರೆಯ ವಾಕರ್ ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಬಾಡಿಗೆ ಯಾಕೆ? ವಯಸ್ಸಾದವರ ದೇಹದ ಅಗತ್ಯ ಆರು ತಿಂಗಳಿಗೊಮ್ಮೆ ಬದಲಾಗಬಹುದು. ಇವತ್ತು ಕೋಲು ಸಾಕು, ಮಳೆಗಾಲ ಕಳೆಯುವ ಹೊತ್ತಿಗೆ ವಾಕರ್ ಬೇಕು. ಕೊಂಡರೆ ಒಂದಾದ ಮೇಲೊಂದು ಮೂಲೆ ಸೇರುತ್ತವೆ. ಬಾಡಿಗೆಯಾದರೆ ವಾಪಸ್ ಹೋಗಿ, ಶುಚಿಯಾಗಿ, ಇನ್ನೊಬ್ಬರ ಮನೆಗೆ ಹೋಗುತ್ತವೆ. ಜೊತೆಗೆ ಅದನ್ನು ಸರಿಯಾಗಿ ಹೊಂದಿಸಿ ಕೊಡುವ ಒಬ್ಬರು ಮನೆಗೆ ಬರುತ್ತಾರೆ. ಎಷ್ಟೋ ಸ್ಟಾರ್ಟಪ್‌ಗಳು ಮರೆಯುವುದು ಈ ಒಬ್ಬರನ್ನು. ಪೆಟ್ಟಿಗೆ ಬಾಗಿಲಿಗೆ ಬಂದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಪೆಟ್ಟಿಗೆ ಬಿಚ್ಚುವವರು ಯಾರು, ಚಾರ್ಜ್ ಮಾಡುವವರು ಯಾರು, ಪಾಸ್‌ವರ್ಡ್ ಮರೆತರೆ ಹೇಳುವವರು ಯಾರು?

ವಿಮೆ ಇಲ್ಲದ ಕಡೆ ಮಾರುಕಟ್ಟೆ ಬೆಳೆಯುವುದೇ ಇಲ್ಲ ಅಂತಲ್ಲ. ಆದರೆ ಅಲ್ಲಿ ಅದು ಉಳ್ಳವರ ಮನೆಗಷ್ಟೇ ತಲುಪುತ್ತದೆ. ಸಹಾಯಕ ಸಾಧನ ಬೇಕಿರುವವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ ಅದು ಸಿಗುವ ಬಡ ದೇಶಗಳಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೇಳಿವೆ.

ಕರಡಿ ರೋಬೋ ಮತ್ತು ನಾಲ್ವರು ನರ್ಸ್‌ಗಳು

ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆ 2015ರಲ್ಲಿ ರೋಬೇರ್ ಅನ್ನುವ ರೋಬೋ ತೋರಿಸಿತು. ಬಿಳಿ ಕರಡಿಯ ಮುದ್ದು ಮುಖ, ತೂಕ 140 ಕಿಲೊ. ಹಾಸಿಗೆಯಲ್ಲಿರುವವರನ್ನು ಎರಡು ತೋಳಿನಲ್ಲಿ ಎತ್ತಿ ಗಾಲಿಕುರ್ಚಿಗೆ ಕೂರಿಸುತ್ತದೆ. ಚಿತ್ರಗಳು ಜಗತ್ತೆಲ್ಲ ಓಡಾಡಿದವು. ರೋಬೋ ಮಾತ್ರ ಪ್ರಯೋಗಾಲಯದಿಂದ ಮನೆಗಳಿಗೆ ಬರಲಿಲ್ಲ. ಒಬ್ಬರನ್ನು ಎತ್ತುವಾಗ ಏನಾಗುತ್ತದೆ ನೋಡಿ. "ಏಳೋಣ್ವಾ?" ಅಂತ ಕೇಳುತ್ತೀರಿ. ಅವರು ನಿಮ್ಮ ಹೆಗಲು ಹಿಡಿಯುತ್ತಾರೆ. ಎಲ್ಲಿ ನೋವಿದೆ ಅನ್ನುವುದು ಹಿಡಿತದಲ್ಲೇ ತಿಳಿಯುತ್ತದೆ. ಈ ಅರ್ಧ ನಿಮಿಷದಲ್ಲಿ ನಡೆಯುವ ಲೆಕ್ಕಾಚಾರವನ್ನು ಯಂತ್ರಕ್ಕೆ ಕಲಿಸುವುದು ಚೆಸ್ ಕಲಿಸುವುದಕ್ಕಿಂತ ಎಷ್ಟೋ ಕಷ್ಟ.

ನೆದರ್ಲೆಂಡ್ಸ್‌ನಲ್ಲಿ ಆದದ್ದು ಬೇರೆ. ಅಲ್ಲಿ ಮನೆ ಆರೈಕೆಯನ್ನು ತುಂಡು ತುಂಡು ಮಾಡಿದ್ದರು. ಸ್ನಾನಕ್ಕೆ ಇಷ್ಟು ನಿಮಿಷ, ಇಂಜೆಕ್ಷನ್‌ಗೆ ಇಷ್ಟು ನಿಮಿಷ, ಒಂದೊಂದಕ್ಕೆ ಒಬ್ಬೊಬ್ಬರು. ಕಾಗದದ ಮೇಲೆ ದಕ್ಷ. ಮನೆಯಲ್ಲಿರುವ ಅಜ್ಜನಿಗೆ ಮಾತ್ರ ದಿನಕ್ಕೊಂದು ಹೊಸ ಮುಖ, ಅದೇ ಕತೆ ಮತ್ತೆ ಮೊದಲಿನಿಂದ ಹೇಳುವ ಗೋಳು. ಸ್ವತಃ ನರ್ಸ್ ಆಗಿದ್ದ ಯೋಸ್ ದ ಬ್ಲಾಕ್ 2006ರಲ್ಲಿ ಬ್ಯೂರ್ಟ್‌ಜೋರ್ಗ್ ಅನ್ನುವ ಸಂಸ್ಥೆ ಶುರುಮಾಡಿದರು. ಹೆಸರಿನ ಅರ್ಥವೇ ನೆರೆಹೊರೆಯ ಆರೈಕೆ. ಮೊದಲಿಗೆ ನಾಲ್ವರು ನರ್ಸ್‌ಗಳ ಒಂದು ತಂಡ. ನಿಯಮ ಸರಳ: ಒಂದು ತಂಡದಲ್ಲಿ 12ಕ್ಕಿಂತ ಹೆಚ್ಚು ಜನ ಬೇಡ, ಮೇಲೆ ಮ್ಯಾನೇಜರ್ ಬೇಡ, ಯಾರ ಮನೆಗೆ ಯಾರು ಎಷ್ಟು ಹೊತ್ತು ಹೋಗಬೇಕು ಅನ್ನುವುದನ್ನು ತಂಡವೇ ತೀರ್ಮಾನಿಸಲಿ. ನರ್ಸ್ ಮೊದಲು ಕೂತು ಮಾತಾಡುತ್ತಾರೆ. ಪಕ್ಕದ ಮನೆಯವರು ಏನು ಮಾಡಬಲ್ಲರು, ಅಜ್ಜ ತಾವೇ ಏನು ಮಾಡಿಕೊಳ್ಳಬಲ್ಲರು ಅಂತ ನೋಡುತ್ತಾರೆ. ತಂಡಗಳು ಬೆಳೆದು ಬೆಳೆದು ಸಂಸ್ಥೆಯಲ್ಲಿ ಸುಮಾರು 10,000 ನರ್ಸ್‌ಗಳಾದರು. ಪ್ರತಿ ರೋಗಿಗೆ ಬೇಕಾದ ಆರೈಕೆಯ ಗಂಟೆಗಳು ಬೇರೆ ಸಂಸ್ಥೆಗಳಿಗಿಂತ ಕಡಿಮೆಯಾದವು.

ಇಲ್ಲೂ ತಂತ್ರಜ್ಞಾನ ಇದೆ. ನರ್ಸ್‌ಗಳ ಕಾಗದದ ಕೆಲಸ ಕಡಿಮೆ ಮಾಡುವ ಸಾಫ್ಟ್‌ವೇರ್ ಮೊದಲಿನಿಂದಲೂ ಅವರ ಬಳಿ ಇತ್ತು. ಅದು ಅಜ್ಜನ ಮುಂದೆ ಬಂದು ಕೂರಲಿಲ್ಲ, ಹಿಂದೆ ನಿಂತು ನರ್ಸ್‌ಗೆ ಸಮಯ ಉಳಿಸಿಕೊಟ್ಟಿತು. ಆರೈಕೆಯ ಉದ್ಯಮ ಕಟ್ಟುವವರಿಗೆ ಆ ಕರಡಿಗಿಂತ ಈ ಸಾಫ್ಟ್‌ವೇರ್‌ನಿಂದ ಕಲಿಯುವುದು ಜಾಸ್ತಿ ಇದೆ ಅಂತ ನನಗನ್ನಿಸುತ್ತದೆ.

ಇದೇ ಸ್ವಭಾವದ ಒಂದು ವಸ್ತುವನ್ನು ಜಪಾನಿನ ಜೋಜಿರುಶಿ ಕಂಪನಿ 2001ರಲ್ಲಿ ತಂದಿತು. ಒಂದು ಬಿಸಿನೀರಿನ ಎಲೆಕ್ಟ್ರಿಕ್ ಕೆಟಲ್. ಒಳಗೊಂದು ಪುಟ್ಟ ಟ್ರಾನ್ಸ್‌ಮಿಟರ್. ಅಮ್ಮ ಚಹಾಕ್ಕೆ ನೀರು ಬಗ್ಗಿಸಿಕೊಂಡಾಗಲೆಲ್ಲ ಅದು ದಾಖಲಾಗುತ್ತದೆ, ದೂರದ ಊರಿನ ಮಗನಿಗೆ ಇಮೇಲ್ ಹೋಗುತ್ತದೆ. ಬೆಳಗ್ಗೆ ಏಳಕ್ಕೆ ನೀರು ಬಗ್ಗಿಸಿದ್ದಾಳೆ, ಅಂದರೆ ಎದ್ದಿದ್ದಾಳೆ. ಕ್ಯಾಮೆರಾ ಇಲ್ಲ, ಪೆಂಡೆಂಟ್ ಇಲ್ಲ, ಒತ್ತಬೇಕಾದ ಗುಂಡಿ ಇಲ್ಲ. ಅವಳು ಮಾಡಬೇಕಾದ್ದು ಎಂದಿನಂತೆ ಚಹಾ ಕುಡಿಯುವುದಷ್ಟೆ. ಬಿದ್ದರೆ ತಕ್ಷಣ ಗೊತ್ತಾಗುವುದಿಲ್ಲ ಅನ್ನುವುದು ಇದರ ಕೊರತೆ. ಆದರೂ ಬಳಕೆಯಲ್ಲಿರುವ ಅರೆಕೊರೆ ವಸ್ತು ಡ್ರಾಯರ್‌ನಲ್ಲಿರುವ ಪರಿಪೂರ್ಣ ವಸ್ತುವಿಗಿಂತ ಮೇಲು.

ಅವರೇ ಉದ್ಯಮಿಗಳಾದರೆ

ಇಲ್ಲಿಯವರೆಗೆ ವಯಸ್ಸಾದವರನ್ನು ಗಿರಾಕಿಗಳಾಗಿಯೇ ನೋಡಿದೆವು. ಫಾರ್ಬರ್ ನೆನಪಿದ್ದಾರಲ್ಲ? ಅವರೇನೂ ಅಪರೂಪದ ಮನುಷ್ಯರಲ್ಲ. ಅಮೆರಿಕದ 27 ಲಕ್ಷ ಉದ್ಯಮ ಸ್ಥಾಪಕರ ಮಾಹಿತಿಯನ್ನು ಎಂಐಟಿಯ ಅರ್ಥಶಾಸ್ತ್ರಜ್ಞ ಪಿಯರ್ ಅಜೂಲೆ ಮತ್ತು ಸಂಗಡಿಗರು ಪರಿಶೀಲಿಸಿದರು. ಅತಿ ವೇಗವಾಗಿ ಬೆಳೆದ, ಸಾವಿರಕ್ಕೊಂದು ಅನ್ನುವಂಥ ಕಂಪನಿಗಳ ಸ್ಥಾಪಕರ ಸರಾಸರಿ ವಯಸ್ಸು 45. ಆ ಮಟ್ಟದ ಗೆಲುವು ಸಿಗುವ ಸಾಧ್ಯತೆ 30ರವರಿಗಿಂತ 50ರವರಿಗೆ ಸುಮಾರು ಎರಡು ಪಟ್ಟು. ಹೂಡಿಕೆದಾರರ ಕಣ್ಣು ಮಾತ್ರ ಇನ್ನೂ ಇಪ್ಪತ್ತರ ಹುಡುಗರ ಮೇಲೆ.

ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದದ್ದು ಕಾಮಿಕಾತ್ಸು. ಜಪಾನಿನ ತೊಕುಶಿಮಾ ಪ್ರಾಂತ್ಯದ ಬೆಟ್ಟದೂರು. ಜನಸಂಖ್ಯೆ ಒಂದೂವರೆ ಸಾವಿರಕ್ಕೂ ಕಡಿಮೆ, ಅರ್ಧಕ್ಕೂ ಹೆಚ್ಚು ಜನ 65 ದಾಟಿದವರು. 1981ರ ಭೀಕರ ಚಳಿಗೆ ಅಲ್ಲಿನ ಕಿತ್ತಳೆ ತೋಟಗಳು ಸುಟ್ಟುಹೋದವು. ಸಹಕಾರ ಸಂಘದಲ್ಲಿ ಕೃಷಿ ಸಲಹೆಗಾರರಾಗಿದ್ದ ತೊಮೊಜಿ ಯೊಕೊಯಿಶಿ ಒಮ್ಮೆ ಒಸಾಕಾದ ಹೋಟೆಲಿನಲ್ಲಿ ಕೂತಿದ್ದಾಗ, ಪಕ್ಕದ ಮೇಜಿನ ಹುಡುಗಿ ತಟ್ಟೆಯ ಅಲಂಕಾರಕ್ಕೆ ಇಟ್ಟ ಕೆಂಪು ಮೇಪಲ್ ಎಲೆಯನ್ನು ಮೆಚ್ಚಿಕೊಳ್ಳುವುದನ್ನು ಕಂಡರು. ನಮ್ಮೂರಲ್ಲಿ ಇದು ಗುಡ್ಡಗಟ್ಟಲೆ ಬಿದ್ದಿದೆಯಲ್ಲ! ಎಲೆ ಮಾರುವುದಾ ಅಂತ ಊರವರು ನಕ್ಕರು. ನಾಲ್ಕು ಜನ ರೈತರು ಒಪ್ಪಿ 1986ರಲ್ಲಿ ಶುರುವಾಯಿತು.

ಎಲೆ ಹಗುರ. ಬಾಗಿ ಅಗೆಯುವುದು, ಹೊರೆ ಹೊರುವುದು ಇಲ್ಲ. ಚಂದದ ಎಲೆ ಆರಿಸುವ ಕಣ್ಣು, ಯಾವ ಮರ ಯಾವಾಗ ಚಿಗುರುತ್ತದೆ ಅನ್ನುವ ತಿಳಿವಳಿಕೆ ಬೇಕು. ಅದು ಅಜ್ಜಿಯರ ಬಳಿ ಬೇಕಾದಷ್ಟಿತ್ತು. ಮುಂದೆ ಅವರಿಗೆ ಕಂಪ್ಯೂಟರ್ ಕೊಟ್ಟರು, ಮೌಸ್ ಬದಲಿಗೆ ಅಂಗೈಯಲ್ಲಿ ಉರುಳಿಸುವ ಚೆಂಡು. ಆಮೇಲೆ ಟ್ಯಾಬ್ಲೆಟ್ ಬಂತು. ಬೆಳಗ್ಗೆ ಯಾವ ಎಲೆಗೆ ಬೇಡಿಕೆ ಇದೆ ಅಂತ ಪರದೆಯಲ್ಲಿ ನೋಡಿ, ಮೊದಲು ಒತ್ತಿದವರಿಗೆ ಆರ್ಡರ್. ಮಾರಾಟದಲ್ಲಿ ತಾನು ಊರಿಗೆ ಎಷ್ಟನೆಯವಳು ಅನ್ನುವುದೂ ಕಾಣುತ್ತದೆ. ವಯಸ್ಸಾದವರು ಕಂಪ್ಯೂಟರ್ ಕಲಿಯುವುದಿಲ್ಲ ಅನ್ನುವವರು ಈ ಊರಿಗೆ ಒಮ್ಮೆ ಹೋಗಬೇಕು. ನೆರೆಮನೆಯವಳು ನನಗಿಂತ ಮೇಲಿದ್ದಾಳಾ ಅಂತ ನೋಡಲು ಯಾರು ತಾನೇ ಕಲಿಯುವುದಿಲ್ಲ? 300ಕ್ಕೂ ಹೆಚ್ಚು ಬಗೆಯ ಎಲೆ, ಚಿಗುರು, ಹೂವು ಹೊರಗೆ ಹೋಗುತ್ತವೆ. ವರ್ಷದ ವಹಿವಾಟು 26 ಕೋಟಿ ಯೆನ್ ಮುಟ್ಟಿತು. ಇದನ್ನು ಎಲ್ಲ ಊರಿಗೂ ಅಂಟಿಸಲು ಆಗುವುದಿಲ್ಲ. ಎಲೆಗೆ ದುಡ್ಡು ಕೊಡುವ ಊಟದ ಸಂಸ್ಕೃತಿ ಅಲ್ಲಿತ್ತು.

ಹಳೆಯ ಕೆಲಸವನ್ನೇ ವಯಸ್ಸಿಗೆ ಹೊಂದಿಸುವುದೂ ಸಾಧ್ಯ. ಜರ್ಮನಿಯ ಡಿಂಗೊಲ್ಫಿಂಗ್‌ನಲ್ಲಿರುವ ತನ್ನ ಕಾರಿನ ಕಾರ್ಖಾನೆಯಲ್ಲಿ ಬಿಎಂಡಬ್ಲ್ಯು 2007ರಲ್ಲಿ ಒಂದು ಪ್ರಯೋಗ ಮಾಡಿತು. ಕಾರ್ಮಿಕರ ಸರಾಸರಿ ವಯಸ್ಸು ಹತ್ತು ವರ್ಷದಲ್ಲಿ 39ರಿಂದ 47ಕ್ಕೆ ಏರಲಿದೆ ಅಂತ ಲೆಕ್ಕ ಸಿಕ್ಕಿತ್ತು. 47ರ ಸರಾಸರಿ ಬರುವಂತೆ 42 ಜನರನ್ನು ಭಾಗಗಳನ್ನು ಜೋಡಿಸುವ ಒಂದು ಲೈನಿಗೆ ಹಾಕಿದರು. 'ಪಿಂಚಣಿದಾರರ ಲೈನು' ಅಂತ ಉಳಿದವರು ಗೇಲಿ ಮಾಡಿದರು. ಏನು ಬದಲಿಸಬೇಕು ಅಂತ ಆ 42 ಜನರನ್ನೇ ಕೇಳಿದರು. ಮಂಡಿಗೆ ಹಿತವಾಗಲು ಮರದ ನೆಲ, ಆಗಾಗ ಕೂರಲು ಕ್ಷೌರದಂಗಡಿಯಂಥ ಕುರ್ಚಿ, ಸಣ್ಣ ಭಾಗ ನೋಡಲು ಭೂತಗನ್ನಡಿ. ಹೀಗೆ 70 ಸಣ್ಣ ಬದಲಾವಣೆ, ಖರ್ಚು ಸುಮಾರು 20,000 ಯೂರೊ. ಒಂದು ವರ್ಷದಲ್ಲಿ ಉತ್ಪಾದಕತೆ ಶೇ. 7ರಷ್ಟು ಏರಿ, ಕಿರಿಯರ ಲೈನುಗಳಿಗೆ ಸಮ ಬಂತು.

ಕಾಣದ ತಂತಿ

ಒಂದು ಕೊನೆಯ ತೊಡಕು. ಮೊದಲು ಹೇಳಿದ ಪೆಂಡೆಂಟ್ ಬ್ರಿಟನ್‌ನಲ್ಲಿ ಹಳೆಯ ತಾಮ್ರದ ಫೋನ್ ತಂತಿಯ ಮೇಲೆ ನಡೆಯುತ್ತಿತ್ತು. ಆ ತಂತಿ ತನ್ನದೇ ವಿದ್ಯುತ್ ಹೊತ್ತು ತರುತ್ತದೆ, ಕರೆಂಟ್ ಹೋದರೂ ಫೋನ್ ಸಾಯುವುದಿಲ್ಲ. ಈಗ ಎಲ್ಲ ಡಿಜಿಟಲ್ ಆಗುತ್ತಿದೆ. ರೂಟರ್‌ಗೆ ಕರೆಂಟ್ ಇಲ್ಲ ಅಂದರೆ ಅಜ್ಜಿಯ ಗುಂಡಿಯೂ ಮೂಗ. ಇಂಥ ಅಲಾರಂ ಬಳಸುವವರು ಅಲ್ಲಿ ಸುಮಾರು 18 ಲಕ್ಷ. ಬದಲಾವಣೆಯ ಹೊತ್ತಿನಲ್ಲಿ ಕೆಲವರ ಅಲಾರಂ ಕೆಲಸ ಮಾಡದೆ ಹೋದ ಮೇಲೆ ಹಳೆಯ ಜಾಲ ಮುಚ್ಚುವ ಗಡುವನ್ನು 2027ರ ಜನವರಿಗೆ ಮುಂದೂಡಿದರು. ಹೊಸತು ತರುವ ಭರದಲ್ಲಿ ಹಳೆಯದರ ಮೇಲೆ ಯಾರು ನಿಂತಿದ್ದಾರೆ ಅಂತ ನೋಡದಿದ್ದರೆ ಹೀಗಾಗುತ್ತದೆ.

ಸ್ಪೇನ್‌ನಲ್ಲಿ ಬ್ಯಾಂಕುಗಳು ಕೌಂಟರ್ ಮುಚ್ಚಿ ಎಲ್ಲವನ್ನೂ ಯಂತ್ರಕ್ಕೂ ಆ್ಯಪ್‌ಗೂ ತಳ್ಳಿದಾಗ ವಲೆನ್ಸಿಯಾದ ಒಬ್ಬರು ಎದ್ದು ನಿಂತರು. ಕಾರ್ಲೋಸ್ ಸಾನ್ ಹುವಾನ್, 78 ವರ್ಷ, ನಿವೃತ್ತ ಮೂತ್ರಾಂಗ ತಜ್ಞ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು, ಎಟಿಎಂ ಪರದೆಯ ಮುಂದೆ ಒದ್ದಾಡಬೇಕಿತ್ತು. "ನನಗೆ ವಯಸ್ಸಾಗಿದೆ, ದಡ್ಡನಲ್ಲ" ಅನ್ನುವ ಘೋಷಣೆಯಡಿ ಅಭಿಯಾನ ಶುರುಮಾಡಿ 6 ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. 2022ರ ಫೆಬ್ರವರಿಯಲ್ಲಿ ಬ್ಯಾಂಕುಗಳು ಕೌಂಟರ್ ಸಮಯ ಹೆಚ್ಚಿಸಲು, ವಯಸ್ಸಾದವರಿಗೆ ಆದ್ಯತೆ ಕೊಡಲು ಒಪ್ಪಂದಕ್ಕೆ ಸಹಿ ಹಾಕಿದವು. ಬ್ಯಾಂಕಿನ ಯಂತ್ರ ತನಗೆ ಬಗ್ಗುತ್ತಿಲ್ಲ ಅಂದ ಆ ಡಾಕ್ಟರ್ ಅಷ್ಟೂ ಸಹಿಗಳನ್ನು ಕೂಡಿಸಿದ್ದು ಇಂಟರ್‌ನೆಟ್‌ನಲ್ಲಿ.